ಗುರುವಾರದ ಒಪ್ಪಿಗೆ

ನಮ್ಮೂರಿಗೆ ಮೊದಲ ಸಲ ಸೋಮವಾರ ಬಂದವರು ಮುಖ ಊದಿಸಿಕೊಂಡೇ ವಾಪಸ್ಸು ಹೋಗುತ್ತಾರೆ. ಬಸ್ಸಿಳಿದು ಎದುರಿಗೆ ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳಿದರೆ, ಇಲ್ಲ, ಮೊನ್ನೆಯಿಂದ ಹೊಟ್ಟೆ ಕಟ್ಟಿದೆ ಎಂಬ ಉತ್ತರ ಬರುತ್ತದೆ. ಹೊಸ ಸೀರೆಯ ಸೆರಗು ತೋರಿಸಿ ಹೇಗಿದೆ ಎಂದರೆ ಅದು ಹೇಗಿದೆಯೋ ಹಾಗೆಯೇ ಹೇಳಿಬಿಡುತ್ತಾರೆ. ಸೋಮವಾರ ಕಾಂಟಯ್ಯನ ವಾರ. ಆ ದಿನ ಊರಿನ ಗಡಿಯೊಳಗಿರುವ ಯಾವ ನಾಲಿಗೆಯೂ ಸುಳ್ಳಿಗೆ ಹೊರಳುವುದಿಲ್ಲ. ಎಲ್ಲರೂ ಹೀಗೆಯೇ ಮಾಡತೊಡಗಿದರೆ ಲೋಕ ನಡೆಯದು ಅನ್ನಿಸಿದ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ಆದ್ದರಿಂದ ಸೋಮವಾರ ಯಾರನ್ನೂ ಏನನ್ನೂ ಕೇಳದಿರುವುದೇ ನಮ್ಮಲ್ಲಿ ಮರ್ಯಾದೆ. ನೆಂಟರು ಬಂದರೆ ಕಾಫಿ ಕೊಟ್ಟು, ಬಿಸಿಲಿನ ಮಾತಾಡಿ ಕಳಿಸುತ್ತೇವೆ.

ವಾರದ ಉಳಿದ ದಿನಗಳಿಗೂ ಒಬ್ಬೊಬ್ಬ ಯಜಮಾನನಿದ್ದಾನೆ. ಕಾಂಟಯ್ಯನೂ ಸೇರಿ ಅವರೆಲ್ಲ ನೀತಿಯ ಬಗ್ಗೆ ತಲೆ ಕೆಡಿಸಿಕೊಂಡ ಪಶ್ಚಿಮದ ತತ್ವಜ್ಞಾನಿಗಳು ಎನ್ನುತ್ತಾರೆ. ಆ ದೂರದೇಶದವರ ಹೆಸರು ನಿಮ್ಮೂರಿಗೆ ಹೇಗೆ ಬಂತು ಎಂದು ಹೊಸಬರು ಕೇಳಿದರೆ, ನಿಮ್ಮೂರಿನ ಶನಿವಾರಕ್ಕೆ ಶನಿ ಹೇಗೆ ಬಂದನೋ ಹಾಗೆ ಎಂದು ಬಾಯಿ ಮುಚ್ಚಿಸುತ್ತೇನೆ. ನನ್ನ ಹೆಸರು ಕನಕವಲ್ಲಿ. ಬಸ್ ಸ್ಟ್ಯಾಂಡಿನ ಎದುರಿಗಿರುವ ಲಾಡ್ಜು ನನ್ನದು, ಅಪ್ಪ ಬಿಟ್ಟುಹೋದದ್ದು. ಮದುವೆಯಾಗಲಿಲ್ಲ, ಯಾವ ವಾರ ನೋಡಿದರೂ ಮನಸ್ಸು ಬರಲಿಲ್ಲ. ಲಾಡ್ಜಿನ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿ, ದಿನಾ ಬೆಳಿಗ್ಗೆ ಇವತ್ತು ಯಾರ ವಾರವೆಂದು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತೇನೆ. ಅದನ್ನು ಓದದೆ ಒಳಗೆ ನುಗ್ಗುವವರ ಪಾಡು ಅವರದು.

ಕುಮುದಾ ಬಂದದ್ದು ಒಂದು ಶನಿವಾರ ಸಂಜೆ. ಇಪ್ಪತ್ತು ದಾಟಿದ ಹುಡುಗಿ, ಕೈಯಲ್ಲಿ ಒಂದು ಚೀಲ, ಚೀಲದ ತುಂಬ ಗಣಿತದ ಪುಸ್ತಕ. ಬಟ್ಟೆ ಎಲ್ಲಿ ಎಂದರೆ, ಮರೆತುಬಂದೆ ಎಂದಳು. ಆಗಲೇ ನನಗೆ ಇವಳ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಮನೆ ಬಿಟ್ಟು ಓಡಿಬರುವ ಹುಡುಗಿಯರನ್ನು ಸಿನಿಮಾದಲ್ಲಿ ನೋಡಿದ್ದೆ, ಆದರೆ ರವಿಕೆ ಬಿಟ್ಟು ರೇಖಾಗಣಿತ ತಂದವಳನ್ನು ಕಂಡಿರಲಿಲ್ಲ. ನನ್ನದೇ ಒಂದು ಸೀರೆ ಕೊಟ್ಟು, ಊಟ ಬಡಿಸಿ, ವಿಷಯ ಏನೆಂದು ಕೇಳಿದೆ.

ವಿಷಯ ಇಷ್ಟು. ಪಕ್ಕದ ಪೇಟೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವ ಪಂಚಾಕ್ಷರಯ್ಯನ ಒಬ್ಬಳೇ ಮಗಳು. ಚಿಕ್ಕಂದಿನಲ್ಲೇ ತಾಯಿ ಹೋದವಳು. ಬಿ.ಎಸ್ಸಿ. ಕೊನೆಯ ವರ್ಷ. ಸೋದರಮಾವ ನಂಜುಂಡ ಒಂದು ಸಂಬಂಧ ತಂದಿದ್ದ. ಟ್ರ್ಯಾಕ್ಟರು, ತೋಟ, ದೊಡ್ಡ ಮನೆ, ಎಲ್ಲ ಇತ್ತು. ಒಂದೇ ಷರತ್ತು: ಹುಡುಗಿಯ ಓದು ಇಲ್ಲಿಗೇ ನಿಲ್ಲಬೇಕು, ಪರೀಕ್ಷೆ ಗಿರೀಕ್ಷೆ ಬೇಡ. ಅಪ್ಪ ಒಪ್ಪಿ ಮಾತು ಕೊಟ್ಟುಬಿಟ್ಟಿದ್ದ. ಮದುವೆಗೆ ಇನ್ನು ಎರಡೇ ವಾರ.

“ಅಪ್ಪ ಕೆಟ್ಟೋರಲ್ಲ ಅಕ್ಕ,” ಎಂದಳು ಕುಮುದಾ, ಸಾರನ್ನ ಕಲಸುತ್ತ. “ನಂಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದೋರು ಅವರೇ. ಆದ್ರೆ ನಿಂಗೇನು ಬೇಕು ಅಂತ ಒಂದಿನಾನೂ ಕೇಳಿಲ್ಲ. ತಟ್ಟೆಗೆ ಏನು ಹಾಕ್ಬೇಕು, ಮೈಗೆ ಏನು ಉಡಿಸ್ಬೇಕು, ಎಲ್ಲಾ ಅವರಿಗೇ ಗೊತ್ತು.”

ಭಾನುವಾರ ಇಬ್ಬರೂ ಮಲಗಿದ್ದೆವು. ಭಾನುವಾರದ ವಿಷಯ ಆಮೇಲೆ ಹೇಳುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ಅಪ್ಪನೂ ಮಾವನೂ ಇಳಿದರು.

ಕಿಟಕಿಯಿಂದ ಕುಮುದಾ ಅವರನ್ನು ತೋರಿಸಿದ್ದೇ ಅವಳನ್ನು ಮಹಡಿಗೆ ಓಡಿಸಿದೆ. ಇವತ್ತು ಸುಳ್ಳು ಹೇಳೋಕಾಗಲ್ಲ ಕಣೆ, ಬಾಯಿ ಬಿಡಬೇಡ ಎಂದು ಹೇಳಬೇಕಿತ್ತು. ಆತುರದಲ್ಲಿ ಮೊದಲರ್ಧವನ್ನಷ್ಟೇ ಹೇಳಿ ಕೆಳಗೆ ಬಂದೆ. ಹುಟ್ಟಿದಾಗಿನಿಂದ ಈ ಊರಿನಲ್ಲಿರುವ ನಮಗೆ ಸೋಮವಾರ ಸುಮ್ಮನಿರುವುದು ಉಸಿರಾಟದಷ್ಟು ಸಹಜ. ಬೇರೆಯವರಿಗೆ ಅದನ್ನು ಹೇಳಿಕೊಡಬೇಕೆಂದು ನೆನಪಿಗೇ ಬರುವುದಿಲ್ಲ.

ಪಂಚಾಕ್ಷರಯ್ಯ ಎತ್ತರದ ಮನುಷ್ಯ, ಬಿಳಿ ಜುಬ್ಬ, ಕೆಂಪಾದ ಕಣ್ಣು. ನಂಜುಂಡ ಗಿಡ್ಡ, ಆದರೆ ಮಾತು ಉದ್ದ.

“ನಮ್ಮ ಹುಡುಗಿ ಇಲ್ಲಿಗೆ ಬಂದಿದಾಳಾ?” ಎಂದು ನಂಜುಂಡ ನೇರವಾಗಿ ಕೇಳಿದ.

“ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಎಂದೆ. “ಈ ಲಾಡ್ಜ್‌ಗೆ ಎಷ್ಟೋ ಹುಡುಗೀರು ಬರ್ತಾರೆ, ಹೋಗ್ತಾರೆ. ಹೋದ ತಿಂಗಳು ನರ್ಸುಗಳ ಒಂದು ಗುಂಪೇ ಬಂದಿತ್ತು. ಏನು ತಿಂತಿದ್ರು ಅಂತೀರಿ!” ಒಂದು ಅಕ್ಷರವೂ ಸುಳ್ಳಲ್ಲ.

ಎದುರಂಗಡಿಯ ಮುನಿವೆಂಕಟ, ನಮ್ಮೂರ ಕ್ಷೌರಿಕ, ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡು ಕತ್ತರಿ ಹಿಡಿದೇ ಓಡಿಬಂದ. ನಿಜವನ್ನೇ ಹೇಳಿ ದಾರಿ ತಪ್ಪಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕೆರೆಯ ಹತ್ತಿರ ಹುಡುಗಿಯರು ಬಟ್ಟೆ ಒಗೆಯುತ್ತಾರೆಂದ, ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಸಾಲಿದೆಯೆಂದ, ಪೋಸ್ಟಾಫೀಸಿನ ಹಿಂದೆ ಕಾಲೇಜಿದೆಯೆಂದ. ಇಬ್ಬರೂ ಬಿಸಿಲಲ್ಲಿ ಊರೆಲ್ಲ ಸುತ್ತಿದರು. ಸುತ್ತುವಾಗ ಬೇಡದ ನಿಜಗಳೆಲ್ಲ ಅವರ ತಲೆಗೆ ಬಿದ್ದವು. ಹೂ ಮಾರುವ ಮುದುಕಿ ನಂಜುಂಡನಿಗೆ, ನಿನ್ನ ಕೂದಲಿಗೆ ಹಚ್ಚಿರೋ ಬಣ್ಣ ಹಣೆಗೂ ಇಳಿದಿದೆ ಕಣಪ್ಪ ಎಂದಳಂತೆ. ಅವನು ವಾಪಸ್ಸು ಬರುವಾಗ ತಲೆಗೆ ಟವೆಲು ಸುತ್ತಿಕೊಂಡಿದ್ದ.

ಬಂದವನೇ ಸುಸ್ತಾಗಿ ಜಗಲಿಯ ಮೇಲೆ ಕೂತು, ಮಹಡಿಯಲ್ಲಿ ಏನೋ ಸದ್ದಾದದ್ದು ಕೇಳಿ, ಸುಮ್ಮನೆ ಕೂಗಿದ: “ಯಾರ್ರೀ ಅದು ಮೇಲೆ?”

“ನಾನು ಮಾವ, ಕುಮುದಾ,” ಎಂದು ಉತ್ತರ ಬಂತು.

ಮುನಿವೆಂಕಟ ಹಣೆ ಚಚ್ಚಿಕೊಂಡ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅಳುವುದೋ ನಗುವುದೋ ತಿಳಿಯಲಿಲ್ಲ.

ಅಪ್ಪ ಮೆಟ್ಟಿಲು ಹತ್ತಿದ. ನಾನೂ ಹಿಂದೆಯೇ ಹೋದೆ. ಮಗಳ ಎದುರಿಗೆ ನಿಂತು, ರಟ್ಟೆ ಹಿಡಿದು ಎಳೆದೊಯ್ಯಲು ಕೈ ಚಾಚಿದ. ಕೈ ಅರ್ಧಕ್ಕೇ ನಿಂತಿತು. ಮತ್ತೆ ಚಾಚಿದ, ಮತ್ತೆ ನಿಂತಿತು. ಕಾಂಟಯ್ಯನ ವಾರದಲ್ಲಿ ಒಬ್ಬ ಮನುಷ್ಯನನ್ನು ಇನ್ನೊಂದು ಕೆಲಸಕ್ಕೆ ಬರಿಯ ಸಾಧನ ಮಾಡಿಕೊಳ್ಳಲು ಬರುವುದಿಲ್ಲ. ಮಗಳು ಮಗಳೇ ಹೊರತು ಅಪ್ಪನ ಮಾನ ಉಳಿಸುವ ಸಾಮಾನಲ್ಲ. ಪಾಪ, ಆತನಿಗೆ ಇದೆಲ್ಲ ಏನು ಗೊತ್ತು? ಲಕ್ವ ಹೊಡೆಯಿತೆಂದು ಹೆದರಿ ತನ್ನ ಕೈಯನ್ನು ತಾನೇ ಉಜ್ಜಿಕೊಂಡ.

“ಹೋಗಲಿ, ಆ ಮನೆಯೋರಿಗೆ ಫೋನ್ ಮಾಡಿ ಮದುವೆ ಬೇಡ ಅಂದ್ಬಿಡಿ,” ಎಂದೆ.

ಆತ ಫೋನೇನೋ ತೆಗೆದ. ಆದರೆ ಕೊಟ್ಟ ಮಾತು ಮುರಿಯುವುದಕ್ಕೂ ಸೋಮವಾರ ಬಿಡುವುದಿಲ್ಲವಲ್ಲ. ಬೆರಳು ಗುಂಡಿ ಒತ್ತಲಿಲ್ಲ. ಎಳೆದೊಯ್ಯುವಂತಿಲ್ಲ, ಬಿಟ್ಟುಹೋಗುವಂತಿಲ್ಲ. ಮೆಟ್ಟಿಲ ಮೇಲೆಯೇ ಕುಸಿದು ಕೂತ. ನಾನು ಒಂದು ಲೋಟ ಮಜ್ಜಿಗೆ ಕೊಟ್ಟೆ.

“ಏನಮ್ಮಾ ನಿಮ್ಮೂರು?” ಎಂದ.

“ಬಾಡಿಗೆಗೆ ಇನ್ನೊಂದು ರೂಮಿದೆ ಯಜಮಾನ್ರೇ,” ಎಂದೆ.

ಮಂಗಳವಾರ ಬೆಳಿಗ್ಗೆ ನನಗೆ ನಿಜವಾಗಿಯೂ ಭಯವಾಯಿತು. ಮಂಗಳವಾರ ಮಧ್ಯಾಹ್ನದವರೆಗೆ ಬೆಂಥಾಮನದು. ಅವನ ಹೊತ್ತಿನಲ್ಲಿ ಯಾವುದರಿಂದ ಒಟ್ಟು ಸುಖ ಹೆಚ್ಚೋ ಅದೇ ಸರಿ, ಅದನ್ನೇ ಮಾಡಬೇಕು. ಯಾರ ಸುಖವೂ ಯಾರದಕ್ಕಿಂತಲೂ ದೊಡ್ಡದಲ್ಲ. ಬೀದಿನಾಯಿಯ ನೋವನ್ನೂ ಕೂಡಿಸಬೇಕು, ಕಳೆಯಬೇಕು. ನಮಗೆ ಇದು ಅಭ್ಯಾಸ; ತರಕಾರಿಯವಳು ಬದನೆಕಾಯಿ ತರಬೇಕೋ ಹೀರೇಕಾಯಿ ತರಬೇಕೋ ಎಂದು ಬೀದಿಯನ್ನೆಲ್ಲ ಕೇಳಿಯೇ ಗಾಡಿ ಹೊರಡಿಸುತ್ತಾಳೆ. ಆದರೆ ಒಬ್ಬ ಹುಡುಗಿ ಒಂದು ಕಡೆ, ಒಂದು ಮದುವೆಮನೆ ಇನ್ನೊಂದು ಕಡೆ ನಿಂತರೆ?

ನಂಜುಂಡನಿಗೆ ಈ ವಾರ ಹೇಳಿ ಮಾಡಿಸಿದ ಹಾಗಿತ್ತು. ಲಾಡ್ಜಿನ ಹಜಾರದಲ್ಲಿ ನಿಂತು ಒಂದೊಂದಾಗಿ ಹೇಳತೊಡಗಿದ. ಗಂಡಿನ ಮನೆಯವರು, ಅವರ ನೆಂಟರು, ಲಾಡಿಗೆ ಕಾದಿರುವ ಮಕ್ಕಳು, ಒಪ್ಪಿಕೊಂಡ ಅಡಿಗೆಯವರು, ಓಲಗದವರು, ಈ ಮದುವೆ ನಿಂತರೆ ತನ್ನದೂ ನಿಲ್ಲುತ್ತದೆಂದು ಅಳುತ್ತಿರುವ ಗಂಡಿನ ತಂಗಿ, ತಲೆಯೆತ್ತಿ ತಿರುಗಲಾರದ ಅಪ್ಪ. ಕುಮುದಾ ನನ್ನ ಕರಿಹಲಗೆ ಇಳಿಸಿಕೊಂಡು ಬರೆಯುತ್ತ ಹೋದಳು. ಲೆಕ್ಕ ಎಂದರೆ ಅವಳಿಗೆ ಲೆಕ್ಕವೇ. ತನ್ನ ಕಡೆಗೆ ಒಂದು ಕಾಳೂ ಹೆಚ್ಚು ಹಾಕಿಕೊಳ್ಳಲಿಲ್ಲ.

“ಲಾಡು ತಿಂದ ಖುಷಿ ಎಷ್ಟು ಹೊತ್ತಿರುತ್ತೆ ಮಾವ?” ಎಂದು ಕೇಳಿದಳು.

“ಜೀರ್ಣ ಆಗೋವರೆಗೂ ಇರುತ್ತೆ ಬರ್ಕೋ,” ಎಂದ ನಂಜುಂಡ.

ನನ್ನ ಪ್ರೀತಿಯನ್ನೂ ಮುನಿವೆಂಕಟನ ಪ್ರೀತಿಯನ್ನೂ ಅವಳ ಕಡೆಗೆ ಬರೆಸಿದೆ. ಅವಳ ದುಃಖ ಆಯುಷ್ಯಪೂರ್ತಿ ಇರುತ್ತದೆಂದೂ ಬರೆಸಿದೆ. ಆದರೂ ಆ ಕಡೆ ಜನ ಜಾಸ್ತಿ. ಕೂಡಿಸಿ ಮುಗಿಸಿದಾಗ ಹುಡುಗಿಯ ಮುಖ ಬಿಳುಪೇರಿತು. ಸುಣ್ಣದ ಕಡ್ಡಿ ಕೆಳಗಿಟ್ಟಳು.

“ನಾನು ಹೋಗ್ಬೇಕು ಅಕ್ಕ. ಲೆಕ್ಕ ಸರಿಯಾಗಿದೆ.”

ತಡೆಯೋಣವೆಂದರೆ ನನ್ನ ಕಾಲೂ ಏಳಲಿಲ್ಲ. ಬೆಂಥಾಮನ ಹೊತ್ತಿನಲ್ಲಿ ಲೆಕ್ಕಕ್ಕೆ ಅಡ್ಡ ನಿಲ್ಲಲು ಯಾರಿಂದಲೂ ಆಗದು. ಬುತ್ತಿಗೆ ಚಪಾತಿ ಸುತ್ತಿಕೊಡುತ್ತ ಅತ್ತೆ. ಅವಳು ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದಳು. ಅಪ್ಪ ಅವಳ ಹಿಂದೆ ತಲೆ ತಗ್ಗಿಸಿ ನಡೆದ. ಗೆದ್ದವನ ನಡಿಗೆಯಲ್ಲ ಅದು.

ಮಂಗಳವಾರದ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟ ಚರಿತ್ರೆಯೇ ಇಲ್ಲ ಎಂಬುದೇ ನಮ್ಮ ಪುಣ್ಯ. ಹೊರಟರೆ ಕೂತವರಿಗೆ ಸುಖ, ನಿಂತರೆ ಓಡಿಬರುತ್ತಿರುವವರಿಗೆ ಸುಖ. ಡ್ರೈವರು ಸ್ಟೀರಿಂಗಿಗೆ ಗದ್ದವೂರಿ ಲೆಕ್ಕ ಹಾಕುತ್ತಿದ್ದ. ಅವನ ಲೆಕ್ಕ ಮುಗಿಯುವ ಮೊದಲೇ ಶಾಲೆಯ ಮಧ್ಯಾಹ್ನದ ಗಂಟೆ ಹೊಡೆಯಿತು. ಬೆಂಥಾಮ ಹೋದ, ಮಿಲ್ಲ ಬಂದ.

ಮಿಲ್ಲನೂ ಸುಖದ ಲೆಕ್ಕದವನೇ. ಆದರೆ ಅವನಿಗೆ ಎಲ್ಲ ಸುಖವೂ ಒಂದೇ ಅಲ್ಲ. ಹೊಟ್ಟೆಯ ಸುಖ ಬೇರೆ, ಬುದ್ಧಿಯ ಸುಖ ಬೇರೆ. ಯಾವುದು ಮೇಲೆಂದು ಹೇಳಬೇಕಾದವರು ಎರಡನ್ನೂ ಬಲ್ಲವರು. ನಾನು ಸೆರಗು ಸಿಕ್ಕಿಸಿಕೊಂಡು, ಕರಿಹಲಗೆ ಎತ್ತಿಕೊಂಡು ಬಸ್ಸಿನ ಮುಂದೆ ಓಡಿಹೋಗಿ ನಿಂತು, “ಇಳಿಯೇ ಕೆಳಗೆ! ಲೆಕ್ಕ ಮತ್ತೆ ಹಾಕ್ಬೇಕು!” ಎಂದು ಕೂಗಿದೆ.

ಎರಡನ್ನೂ ಬಲ್ಲವರು ಯಾರು ಎಂದು ಹುಡುಕುವುದೇನೂ ಬೇಕಾಗಲಿಲ್ಲ. ಸುತ್ತಮುತ್ತ ಮುನಿವೆಂಕಟ ಉಣ್ಣದ ಮದುವೆಯೂಟವಿಲ್ಲ, ಅವನು ಬಿಡಿಸದ ಚದುರಂಗದ ತೊಡಕಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ಗಂಟಲು ಸರಿಮಾಡಿಕೊಂಡ.

“ಸ್ವಾಮಿ, ಊಟದ ವಿಷಯದಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ. ಹೋಳಿಗೆ ಎದುರಿಗಿಟ್ರೆ ನಂಗೆ ಹೆಂಡ್ತಿ ಮಕ್ಕಳ ನೆನಪೂ ಇರಲ್ಲ. ಆದ್ರೆ ಒಂದು ಆಟ ಬಿಡಿಸ್ತಾ ಬಿಡಿಸ್ತಾ, ಓ, ಕುದುರೆ ಇಲ್ಲಿಗೆ ಬರಬೇಕಿತ್ತು ಅಂತ ಹೊಳೆಯುತ್ತಲ್ಲ, ಅದಕ್ಕೆ ಹತ್ತು ಮದುವೆ ಹೋಳಿಗೆ ಕೊಡ್ತೀನಿ ಅಂದ್ರೂ ನಾನು ಬದಲು ಮಾಡ್ಕೊಳ್ಳಲ್ಲ. ಈ ಮಗುಗೆ ಅಂಥದ್ದು ದಿನಾ ಹೊಳೆಯುತ್ತೆ. ಅದನ್ನ ಕಿತ್ಕೊಂಡು ಲಾಡು ಹಂಚಕ್ಕಾಗತ್ತಾ?”

ಕುಮುದಾ ಹಲಗೆಯಲ್ಲಿ ಮತ್ತೆ ಕೂಡಿಸಿದಳು. ಮುಖದ ಮೇಲೆ ನಿಧಾನವಾಗಿ ನಗೆ ಹರಡಿತು. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಡ್ರೈವರು ಹಾರನ್ನು ಬಾರಿಸಿದ. ಚಪಾತಿಯನ್ನು ಅಲ್ಲೇ ಎಲ್ಲರಿಗೂ ಹಂಚಿದೆ. ಪಂಚಾಕ್ಷರಯ್ಯನೂ ಒಂದು ತಿಂದ. ಹುಡುಗಿ ಅವತ್ತಿಗೆ ಉಳಿದಳು, ಮದುವೆಯ ಮಾತು ಮಾತ್ರ ಹಾಗೇ ಉಳಿಯಿತು.

ಬುಧವಾರದ್ದು ಹೆಚ್ಚೇನೂ ಹೇಳುವುದಿಲ್ಲ. ಅರಿಸ್ಟಾಟಲನ ವಾರ, ಎಲ್ಲವೂ ಹದ. ಆ ದಿನ ನನ್ನ ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅಪ್ಪ ಮಗಳು ಜಗಳವಾಡಿದರು, ಆದರೆ ಬೇಕಾದಷ್ಟೇ, ಬೇಕಾದ ಮಾತಿಗೆ ಮಾತ್ರ. ಹಾಗಾಗಿ ಯಾರಿಗೂ ನೋವಾಗಲಿಲ್ಲ, ಏನೂ ತೀರ್ಮಾನವೂ ಆಗಲಿಲ್ಲ. ಒಂದು ಬುಧವಾರದಲ್ಲಿ ಯಾರೂ ಒಳ್ಳೆಯವರಾಗಿಬಿಡುವುದಿಲ್ಲ. ಅದು ಮಾಡಿ ಮಾಡಿ ಮೈಗೂಡಬೇಕು. ಊಟ ಮಾತ್ರ ಚೆನ್ನಾಗಿ ಸೇರಿತು.

ಗುರುವಾರ ಹ್ಯೂಮನದು. ಆ ದಿನ ನಮ್ಮೂರಲ್ಲಿ ಯಾರ ಎದೆಯೂ ಅವರೊಬ್ಬರದೇ ಆಗಿರುವುದಿಲ್ಲ. ಬೀದಿಯ ಈ ತುದಿಯಲ್ಲಿ ಮಗು ಬಿದ್ದು ಅತ್ತರೆ ಆ ತುದಿಯಲ್ಲಿ ದರ್ಜಿ ಕಣ್ಣೊರೆಸಿಕೊಳ್ಳುತ್ತಾನೆ. ಯಾರದೋ ಮನೆಯಲ್ಲಿ ನಗೆ ಹುಟ್ಟಿದರೆ ಎಲ್ಲರೂ ಯಾಕೆಂದು ತಿಳಿಯದೆ ನಗುತ್ತೇವೆ. ಗುರುವಾರ ಹಲ್ಲುನೋವಿರುವವರನ್ನು ಬೆಳಿಗ್ಗೆಯೇ ಡಾಕ್ಟರ ಬಳಿ ಹೊತ್ತುಕೊಂಡು ಹೋಗುವುದು ಊರಿಗೆ ಊರೇ.

ಪಂಚಾಕ್ಷರಯ್ಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಮುಖ ಗಂಟುಹಾಕಿಕೊಂಡೇ ಇದ್ದ. ಹಿತ್ತಲಿನಲ್ಲಿ ಕುಮುದಾ ತೆಂಗಿನ ಮರಕ್ಕೊರಗಿ ಏನೋ ಲೆಕ್ಕ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಆತ ಲೋಟ ಕೆಳಗಿಟ್ಟ. ಕಣ್ಣು ಅಗಲವಾಯಿತು. ಆಮೇಲೆ ಗಟ್ಟಿಯಾಗಿ ನಕ್ಕ. ಅಂಥ ನಗೆ ಆ ಮುಖದಲ್ಲಿ ಇದೆಯೆಂದು ನಾನು ಅಂದುಕೊಂಡಿರಲಿಲ್ಲ.

“ಏನಮ್ಮಾ ಇದು?” ಎಂದ ಎದೆ ಮುಟ್ಟಿಕೊಂಡು. “ಒಳಗೆ ಏನೋ ಗಂಟು ಬಿಚ್ಕೊಂಡ ಹಾಗಾಯ್ತಲ್ಲ! ಎಲ್ಲಾ ಸರಿಯಾಗಿ ಕೂತ್ಕೊಂತು... ಏನು ಅಂತ ಮಾತ್ರ ಗೊತ್ತಾಗ್ತಿಲ್ಲ.”

“ಅದು ನಿಮ್ದಲ್ಲ ಯಜಮಾನ್ರೇ,” ಎಂದೆ. “ಹಿತ್ತಲಲ್ಲಿ ನಿಮ್ಮ ಮಗಳಿಗೆ ಲೆಕ್ಕ ಹೊಳೆದಿದೆ.”

ಆತ ಎದ್ದು ಹಿತ್ತಲಿನ ಬಾಗಿಲಿಗೆ ಹೋದ. ಹೆಜ್ಜೆಯ ಸದ್ದಿಗೆ ಕುಮುದಾ ತಿರುಗಿ ನೋಡಿದಳು. ಅಪ್ಪನನ್ನು ಕಂಡದ್ದೇ ಪುಸ್ತಕ ಮುಚ್ಚಿ ಸೆರಗಿನೊಳಗೆ ಸೇರಿಸಿದಳು. ಆ ಗಳಿಗೆಯಲ್ಲಿ ಅವಳೊಳಗೆ ಎದ್ದದ್ದು ಆತನ ಎದೆಗೂ ಬಂತು. ನನಗೂ ಬಂತು, ಗೋಡೆ ಹಿಡಿದುಕೊಂಡೆ. ಪಂಚಾಕ್ಷರಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟ.

“ನನ್ನ ನೋಡಿದ್ರೆ ಇಷ್ಟು ಭಯಾನಾ ಮಗಳೇ?”

ಆತ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. “ಬೇಡ, ಈ ಮದುವೆ ಬೇಡ. ನಾನು ಅವರ ಕಾಲು ಹಿಡಿದಾದ್ರೂ ಬೇಡ ಅಂತೀನಿ. ನೀನು ಓದು.” ಊರಿಡೀ ಎದೆ ಹಗುರಾಯಿತು. ಬೀದಿಯಲ್ಲಿ ಯಾರೋ ಹಾಡತೊಡಗಿದರು. ನಂಜುಂಡನೂ ಅಳುತ್ತ ಬಂದು ಸೋದರಸೊಸೆಯ ತಲೆ ಸವರಿದ. ಮುನಿವೆಂಕಟ ಅರ್ಧ ಗಡ್ಡ ಕೆರೆಸಿಕೊಂಡವನನ್ನು ಹಾಗೆಯೇ ಬಿಟ್ಟು ಬಂದ. ಆ ಅರ್ಧ ಗಡ್ಡದವನೂ ಸಂತೋಷದಿಂದ ಹಿಂದೆಯೇ ಬಂದ.

ಕುಮುದಾ ಒಬ್ಬಳೇ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

“ಅಪ್ಪಾ, ಇವತ್ತು ಗುರುವಾರ. ಇದು ನಿಮ್ಮ ಮಾತಲ್ಲ, ನನ್ನ ಭಯ ನಿಮ್ಮ ಬಾಯಲ್ಲಿ ಮಾತಾಡ್ತಿದೆ. ಗುರುವಾರದ ಒಪ್ಪಿಗೆ ನಂಗೆ ಬೇಡ. ಭಾನುವಾರ ಹೇಳಿ. ಅವತ್ತು ಕರ್ಕೊಂಡು ಹೋಗ್ತೀನಿ ಅಂದ್ರೂ ಸರಿ, ನಾನು ಓಡಿಹೋಗಲ್ಲ.”

ನಾನು ಬೆಚ್ಚಿಬಿದ್ದೆ. ಕೈಗೆ ಬಂದ ತುತ್ತನ್ನು ಯಾರಾದರೂ ಹೀಗೆ ವಾಪಸ್ಸು ತಟ್ಟೆಗೆ ಹಾಕುತ್ತಾರೆಯೇ? ಅಪ್ಪನಿಗೆ ನೋವಾಯಿತು. ಆ ನೋವು ಅವಳಿಗೂ ನಾಟಿತು. ಆದರೂ ಮಾತು ಬದಲಿಸಲಿಲ್ಲ.

“ಭಾನುವಾರ ಯಾರ ವಾರ?” ಎಂದು ಆತ ನನ್ನನ್ನು ಕೇಳಿದ.

“ಯಾರದೂ ಅಲ್ಲ,” ಎಂದೆ.

ಹುಡುಗಿ ಹೇಳಿದ್ದು ಎಷ್ಟು ಸರಿಯೆಂದು ಮಾರನೆಯ ದಿನವೇ ತಿಳಿಯಿತು. ಶುಕ್ರವಾರ ಹಾಬ್ಸನದು. ಆ ದಿನ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಕರಾರಿಲ್ಲದೆ ಕಡ್ಡಿಯೂ ಅಲ್ಲಾಡದು, ಕರಾರು ಮುರಿದವನನ್ನು ಹಿಡಿಯಲು ದಂಡ ಹಿಡಿದವನೊಬ್ಬ ಬೇಕೇ ಬೇಕು. ಮುನಿವೆಂಕಟನ ಅಂಗಡಿಯಲ್ಲಿ ಶುಕ್ರವಾರ ಗಡ್ಡ ಮಾಡಿಸಿಕೊಳ್ಳಬೇಕಾದರೆ ಪೊಲೀಸಿನವನೊಬ್ಬ ಪಕ್ಕದಲ್ಲಿ ನಿಂತಿರಬೇಕು. ಪಂಚಾಕ್ಷರಯ್ಯ ರೂಮಿನ ಚಿಲಕ ಹಾಕಿಕೊಂಡು ಒಳಗಿನಿಂದಲೇ, “ಮದುವೆ ಬೇಡ ಅಂತ ನಾನೆಲ್ಲಿ ಹೇಳಿದೆ? ಸಾಕ್ಷಿ ಯಾರು? ನೀವೆಲ್ಲಾ ಸೇರಿ ಹೇಳ್ಸಿದ್ದು!” ಎಂದು ಕೂಗಿದ. ತಿಂಡಿಯನ್ನು ನಾನೇ ಮೊದಲು ಒಂದು ತುತ್ತು ತಿಂದು ತೋರಿಸಿದ ಮೇಲೆ ಬಾಗಿಲು ತೆರೆದ. ಕುಮುದಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅವಳಿಗೂ ಆ ದಿನ ನನ್ನ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ, ಅದು ಬೇರೆ ಮಾತು.

ಶನಿವಾರ ನೀತ್ಸೆಯದು. ಆ ದಿನ ಯಾರೂ ಇನ್ನೊಬ್ಬರು ಹಾಕಿಕೊಟ್ಟ ದಾರಿ ಹಿಡಿಯುವುದಿಲ್ಲ. ಪೋಸ್ಟ್‌ಮ್ಯಾನು ಟಪಾಲು ಬಿಟ್ಟು ಗುಡ್ಡ ಹತ್ತುತ್ತಾನೆ. ನಂಜುಂಡ ಬೆಳಿಗ್ಗೆ ಎದ್ದವನೇ ಬಣ್ಣ ಹಚ್ಚಿದ ಕೂದಲನ್ನು ನುಣ್ಣಗೆ ಬೋಳಿಸಿಕೊಂಡ. “ಹುಟ್ಟಿದಾಗಿನಿಂದ ಊರೋರ ಮದುವೆ ಮಾಡಿಸಿದ್ದೇ ಆಯ್ತು. ಇನ್ಮೇಲೆ ನಂಜುಂಡ ನಂಜುಂಡನಿಗೋಸ್ಕರ ಬದುಕ್ತಾನೆ!” ಎಂದು ಜಗಲಿಯ ಮೇಲೆ ನಿಂತು ಸಾರಿ, ಎದುರಿಗೆ ಸಿಕ್ಕ ಬಸ್ಸು ಹತ್ತಿ ಹೊರಟೇಹೋದ. ಸಮುದ್ರ ನೋಡಲು ಹೋದನೆಂದು ಆಮೇಲೆ ತಿಳಿಯಿತು. ಪಂಚಾಕ್ಷರಯ್ಯ ಮಾತ್ರ ದಿನವಿಡೀ ಕೆರೆಯ ಏರಿಯ ಮೇಲೆ ಒಬ್ಬನೇ ಓಡಾಡುತ್ತ, “ನನ್ನ ಮಾತೇ ಮಾತು, ನನ್ನ ಮಾತೇ ಮಾತು” ಎನ್ನುತ್ತಿದ್ದ. ಯಾವ ಮಾತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಭಾನುವಾರ. ಭಾನುವಾರ ನಮ್ಮೂರಿನವರು ಏಳುವುದೇ ಇಲ್ಲ. ಆ ದಿನ ನಾಲಿಗೆಯನ್ನು ಹಿಡಿಯುವವರಿಲ್ಲ, ಲೆಕ್ಕ ಹಾಕಿಕೊಡುವವರಿಲ್ಲ, ಹದ ಹೇಳುವವರಿಲ್ಲ, ಇನ್ನೊಬ್ಬರ ಎದೆಯೊಳಗಿನದು ಕೇಳಿಸುವುದಿಲ್ಲ. ಮಾಡಿದ್ದೆಲ್ಲ ನಾವೇ ಮಾಡಿದ್ದು. ಅದಕ್ಕಿಂತ ಹೆದರಿಕೆಯದು ಇನ್ನೇನಿದೆ? ಸಾರು ಮಾಡಬೇಕೋ ಹುಳಿ ಮಾಡಬೇಕೋ ಎಂದು ಯೋಚಿಸುವುದೂ ಬೇಡವೆಂದು ಶನಿವಾರದ ಅನ್ನವನ್ನೇ ಕಲಸಿ ತಿಂದು, ಹೊದ್ದು ಮಲಗುತ್ತೇವೆ. ಭಾನುವಾರ ಮದುವೆಯಿಲ್ಲ, ವ್ಯಾಪಾರವಿಲ್ಲ, ಜಗಳವೂ ಇಲ್ಲ. ಕರಿಹಲಗೆಯನ್ನು ನಾನು ಖಾಲಿ ಬಿಡುತ್ತೇನೆ.

ಆ ಭಾನುವಾರ ಎಚ್ಚರವಾದಾಗ ಕುಮುದಾ ಆಗಲೇ ಜಗಲಿಯ ಮೇಲೆ ಕೂತಿದ್ದಳು. ಚೀಲ ಪ್ಯಾಕಾಗಿತ್ತು. ಯಾವ ಕಡೆಗೆ ಹೋಗುವ ಚೀಲವೋ ಅವಳಿಗೂ ಗೊತ್ತಿರಲಿಲ್ಲ. ನಾನು ಹಾಸಿಗೆಯಲ್ಲಿ ಹೊರಳಾಡಿದೆ. ಎದ್ದರೆ ಏನಾದರೂ ಮಾಡಬೇಕಾಗುತ್ತದೆ. ಆಮೇಲೆ ನನಗೇ ನಾಚಿಕೆಯಾಗಿ ಎದ್ದು ಸ್ಟೌ ಹಚ್ಚಿ, ಕೇಸರಿಬಾತು ಮಾಡಿದೆ. ಯಾರೂ ಮಾಡೆಂದು ಹೇಳಿರಲಿಲ್ಲ. ಮಾಡಬೇಕೆನ್ನಿಸಿತು, ಮಾಡಿದೆ. ಸಕ್ಕರೆ ಸ್ವಲ್ಪ ಹೆಚ್ಚೇ ಆಯಿತು. ಘಮ ಬೀದಿಗೆ ಹರಡಿದ್ದಕ್ಕೋ, ಕುತೂಹಲಕ್ಕೋ, ಎದುರಿನ ಒಂದೊಂದೇ ಬಾಗಿಲು ಕಿರುಗುಟ್ಟಿತು. ಮುನಿವೆಂಕಟ ಹೊದ್ದ ಕಂಬಳಿಯಲ್ಲೇ ಬಂದು ಮೂಲೆಯಲ್ಲಿ ಕೂತ. ಹೂವಿನ ಮುದುಕಿ ಬಂದಳು. ಭಾನುವಾರ ಬೀದಿಯಲ್ಲಿ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲವಾದ್ದರಿಂದ ಎಲ್ಲರಿಗೂ ಒಂದು ಬಗೆಯ ಸಂಕೋಚ, ಒಂದು ಬಗೆಯ ಹಬ್ಬ.

ಪಂಚಾಕ್ಷರಯ್ಯ ಮೆಟ್ಟಿಲಿಳಿದು ಬಂದ. ಕೈಯಲ್ಲಿ ತನ್ನ ಚೀಲವಿತ್ತು. ಮಗಳ ಎದುರಿಗೆ ಬಂದು ನಿಂತ. ಆತ ಕೈ ಚಾಚಿದರೆ ಈ ದಿನ ತಡೆಯುವವರು ಯಾರೂ ಇರಲಿಲ್ಲ.

ಆತ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ.

“ಇವತ್ತು ಒಳಗೆ ಏನೂ ಕೇಳಿಸ್ತಿಲ್ಲಮ್ಮ,” ಎಂದ. “ನಿಂಗೆ ಭಯ ಇದ್ಯೋ, ಕೋಪ ಇದ್ಯೋ, ಒಂದೂ ಗೊತ್ತಾಗ್ತಿಲ್ಲ. ಅವರಿಗೆ ಕೊಟ್ಟ ಮಾತು ಬೇರೆ ಇದೆ. ರಾತ್ರಿಯೆಲ್ಲಾ ಯೋಚ್ನೆ ಮಾಡಿದೆ, ಬುದ್ಧಿಗೆ ಹೊಳೀಲಿಲ್ಲ.” ಟವೆಲಿನ ಅಂಚು ಹಿಂಡಿದ. “ಅದಕ್ಕೇ ಕೇಳ್ತೀನಿ. ನಿಂಗೇನು ಬೇಕು ಕುಮುದಾ?”

ಅವಳು ಅಪ್ಪನ ಮುಖವನ್ನೇ ನೋಡಿದಳು.

“ಪರೀಕ್ಷೆ ಬರೀಬೇಕು ಅಪ್ಪ. ಆಮೇಲೆ ಇನ್ನೂ ಓದ್ಬೇಕು. ಆ ಮದುವೆ ಬೇಡ.”

“ಹೂಂ,” ಎಂದ ಆತ. ಅಂಗಳದ ಕಡೆ ನೋಡಿದ. ಫೋನು ತೆಗೆದು, ಕನ್ನಡಕ ಏರಿಸಿ, ಗುಂಡಿಗಳನ್ನು ಒಂದೊಂದಾಗಿ ಒತ್ತಿದ. ಈ ಸಲ ಬೆರಳು ನಿಲ್ಲಲಿಲ್ಲ. ಆ ಕಡೆಯಿಂದ ಹಲೋ ಎಂದದ್ದು ಕೇಳಿಸಿತು. “ನಾನು ಪಂಚಾಕ್ಷರಯ್ಯ. ನಿಮಗೆ ಕೊಟ್ಟ ಮಾತಿಗೆ ತಪ್ತಿದೀನಿ. ತಪ್ಪು ನಂದೇ, ಮಗಳನ್ನ ಕೇಳದೆ ಕೊಟ್ಟಿದ್ದೆ. ನೀವು ಬಯ್ಯಿ, ನಾನು ಕೇಳಿಸ್ಕೊಳ್ತೀನಿ.” ಅವರು ಬಯ್ದರು. ಬೀದಿಗೆಲ್ಲ ಕೇಳಿಸುವಷ್ಟು ಬಯ್ದರು. ಆತ ಫೋನನ್ನು ಕಿವಿಯಿಂದ ತೆಗೆಯದೆ, ಅವರ ಮಾತು ಪೂರ್ತಿ ಮುಗಿಯುವವರೆಗೆ ಹೂಂಗುಟ್ಟುತ್ತ ಕೂತಿದ್ದ. ಮುಗಿದ ಮೇಲೆ ಹಣೆಯ ಬೆವರೊರೆಸಿಕೊಂಡ.

“ಪರೀಕ್ಷೆ ಯಾವತ್ತು?” ಎಂದು ಕೇಳಿದ.

“ನಾಡಿದ್ದು ಶುರು ಅಪ್ಪ.”

ಪಂಚಾಕ್ಷರಯ್ಯ ಧಡಕ್ಕನೆ ಎದ್ದು ನಿಂತ.

“ನಾಡಿದ್ದಾ! ಮತ್ತೆ ಬೆಳಗ್ಗಿಂದ ಇಲ್ಲಿ ಸುಮ್ನೆ ಕೂತ್ಕೊಂಡು ಏನೇ ಮಾಡ್ತಿದೀಯಾ? ಪುಸ್ತಕ ತೆಗಿ!”